ಯಕ್ಷಗಾನ ಕಲಿಸುವ ಸಣ್ಣ ಸಂಸ್ಥೆಯ ಲೆಕ್ಕ: ಸಂಚಾಲಕರ ಸಂಬಳವನ್ನು ಮೊದಲು ಬರೆಯಿರಿ

ಶನಿವಾರ ಮಧ್ಯಾಹ್ನ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಸುತ್ತಿದರೆ ಯಾವುದೋ ಶಾಲೆಯ ಹಾಲ್‌ನಿಂದಲೋ ದೇವಸ್ಥಾನದ ಸಭಾಭವನದಿಂದಲೋ ಚೆಂಡೆಯ ಸದ್ದು ಕೇಳುತ್ತದೆ. ಒಳಗೆ ಮಕ್ಕಳು ಧಿಗಿಣ ಕುಣಿತ ಕಲಿಯುತ್ತಿರುತ್ತಾರೆ. ಗುರುಗಳು ತಾಳ ಹಿಡಿದು ನಿಂತಿರುತ್ತಾರೆ. ಬಾಗಿಲ ಹತ್ತಿರ ಇನ್ನೊಬ್ಬರು ಫೋನ್ ಕಿವಿಗಿಟ್ಟುಕೊಂಡು ಓಡಾಡುತ್ತಿರುತ್ತಾರೆ. ಬಾರದ ಮಗುವಿನ ಮನೆಗೆ ಒಂದು ಕರೆ, ವೇಷಭೂಷಣದವರಿಗೆ ಒಂದು, ಮುಂದಿನ ಆಟ ಇರುವ ಊರಿನವರಿಗೆ ಇನ್ನೊಂದು. ಅವರೇ ಸಂಚಾಲಕರು. ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ ಹೆಚ್ಚಿನ ಕಡೆ ಒಂದೇ ಉತ್ತರ: "ಅದು ಸೇವೆ ಅಲ್ವಾ?"

ನಾನು ಇಂಥ ಒಂದು ಕಲಾಕೇಂದ್ರದ ಕೋಶಾಧಿಕಾರಿ. ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ಅದರ ಜೊತೆ ಒಂದು ಬಟ್ಟೆಯ ಚೀಲವೂ ಬಂತು. ಹಳೆಯ ಆಮಂತ್ರಣ ಪತ್ರಗಳ ಬೆನ್ನಿನಲ್ಲಿ ನಮ್ಮ ಸಂಚಾಲಕರು ಪೆನ್ಸಿಲಿನಲ್ಲಿ ಬರೆದಿಟ್ಟ ಚೀಟಿಗಳು ಅದರಲ್ಲಿದ್ದವು. ಪೆಟ್ರೋಲ್, ಮಕ್ಕಳ ಚಹಾ, ಚೆಂಡೆಗೆ ಹೊಸ ಮುಚ್ಚಿಗೆ (ಚರ್ಮದ ಹೊದಿಕೆ). ಎಲ್ಲ ಅವರ ಅಡಿಕೆಯ ದುಡ್ಡಿನಿಂದ ಹೋದದ್ದು. ಪುಸ್ತಕದಲ್ಲಿ ಒಂದೂ ಇಲ್ಲ. ಆ ವರ್ಷ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಮೂರು ತಿಂಗಳು ತರಗತಿ ನಿಂತಿತು. ಯಾವ ಮಗುವಿನ ಫೀಸು ಬಾಕಿ, ಯಾರಿಗೆ ರಿಯಾಯಿತಿ, ಯಾವ ಗುರುಗಳಿಗೆ ಎಷ್ಟು ಒಪ್ಪಿಕೊಂಡದ್ದು, ಯಾರಿಗೂ ಗೊತ್ತಿರಲಿಲ್ಲ. ಅವರ ಜಾಗಕ್ಕೆ ಬರುತ್ತೇನೆ ಎನ್ನುವವರೂ ಸಿಗಲಿಲ್ಲ. ಸಂಬಳವಿಲ್ಲದ, ಲೆಕ್ಕವಿಲ್ಲದ ಆ ಕೆಲಸಕ್ಕೆ ಯಾರು ಬರುತ್ತಾರೆ?

ಅಂದಿನಿಂದ ನಾವು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಯಕ್ಷಗಾನಕ್ಕೆ ಮಾತ್ರ ಅಲ್ಲ. ಚಿತ್ರಕಲೆ, ಸಂಗೀತ, ಭರತನಾಟ್ಯ ಕಲಿಸುವ ಸಣ್ಣ ಸಂಸ್ಥೆಗಳಿಗೂ ಇದೇ ದಾರಿ.

ಮೊದಲು ಕಾಗದ ನೋಡಿ

ಸಂಸ್ಥೆ ಯಾವ ಕಾನೂನಿನ ಕೆಳಗೆ ನೋಂದಣಿಯಾಗಿದೆ ಎಂದು ತಿಳಿದುಕೊಳ್ಳಿ. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ಇರುತ್ತದೆ. ಸಂಘ ಆದರೆ ನಮ್ಮ ಜಿಲ್ಲೆಯಲ್ಲಿ 1860ರ ಸೊಸೈಟಿ ನೋಂದಣಿ ಕಾಯ್ದೆ ನಡೆಯುತ್ತದೆ. ತಿರುವನಂತಪುರದಲ್ಲೋ ಎರ್ನಾಕುಳದಲ್ಲೋ ಇರುವ ಸಂಘಗಳಿಗೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ. ಕಾಸರಗೋಡು 1956ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದದ್ದರಿಂದ ಈ ವ್ಯತ್ಯಾಸ. ದಕ್ಷಿಣ ಕೇರಳದ ಸಂಘವೊಂದರ ಬೈಲಾ ತಂದು ಹಾಗೇ ನಕಲು ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಬೈಲಾದಲ್ಲಿ ಎರಡು ವಾಕ್ಯ ಹುಡುಕಿ. ಒಂದು, ಸಂಘದ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಎನ್ನುವುದು. ಇದು ಇದ್ದೇ ಇರಬೇಕು. ಇನ್ನೊಂದು, ಪದಾಧಿಕಾರಿಗಳು ಸಂಬಳ ತೆಗೆದುಕೊಳ್ಳಬಾರದು ಎನ್ನುವುದು. ಹಳೆಯ ಬೈಲಾಗಳಲ್ಲಿ ಇದು ಸುಮ್ನೆ ಸೇರಿಕೊಂಡಿರುತ್ತದೆ. ನಿಮ್ಮಲ್ಲಿದ್ದರೆ ಮಹಾಸಭೆಯಲ್ಲಿ ತಿದ್ದಿಕೊಳ್ಳಿ, ಅಥವಾ ಸಂಚಾಲಕರ ಹುದ್ದೆಯನ್ನು ಸಮಿತಿಯಿಂದ ಬೇರೆ ಮಾಡಿ, ಅವರು ಸಮಿತಿಗೆ ಉತ್ತರ ಕೊಡುವ ಕೆಲಸಗಾರರು ಎಂದು ಬರೆಯಿರಿ. ನನಗೆ ಎರಡನೆಯದೇ ಮೇಲು ಅನಿಸುತ್ತದೆ. ಲಾಭ ಹಂಚಿಕೊಳ್ಳುವುದು ಬೇರೆ, ಮಾಡಿದ ಕೆಲಸಕ್ಕೆ ಕೂಲಿ ಪಡೆಯುವುದು ಬೇರೆ. ಕಾನೂನೂ ಹಾಗೇ ಹೇಳುತ್ತದೆ.

ಮಹಾಸಭೆ ಆದ ಮೇಲೆ ಆಡಳಿತ ಸಮಿತಿಯ ಪಟ್ಟಿಯನ್ನು 14 ದಿನದೊಳಗೆ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ ಕೊಡುವುದನ್ನು ಮರೆಯಬೇಡಿ.

ನಿಜವಾದ ಖರ್ಚು ಎಷ್ಟು?

ಇಲ್ಲಿ ಅವಸರ ಬೇಡ. ಒಂದು ಭಾನುವಾರ ಇದಕ್ಕೇ ಇಡಿ. ಒಂದು ಮಾದರಿ ಲೆಕ್ಕ ಕೊಡುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ.

ಹಾಜರಿ ಪುಸ್ತಕದಲ್ಲಿ 40 ಮಕ್ಕಳಿದ್ದಾರೆ, ತಿಂಗಳಿಗೆ 400 ರೂಪಾಯಿ ಫೀಸು ಎಂದಿಟ್ಟುಕೊಳ್ಳಿ. 16,000 ಬರುತ್ತದೆ ಎಂದು ಲೆಕ್ಕ ಹಾಕಬೇಡಿ. 28 ಮಕ್ಕಳು ಪೂರ್ತಿ ಕೊಡುತ್ತಾರೆ, 7 ಮಕ್ಕಳು ಅರ್ಧ, 5 ಮಕ್ಕಳಿಗೆ ಉಚಿತ. ಕೈಗೆ ಬರುವುದು 12,600. ವರ್ಷಕ್ಕೆ 10 ತಿಂಗಳ ತರಗತಿ ಎಂದರೆ 1,26,000 ರೂಪಾಯಿ.

ಈಗ ಖರ್ಚು. ನಾಟ್ಯದ ಗುರುಗಳು ತಿಂಗಳಿಗೆ 8 ತರಗತಿ, ಹಿಮ್ಮೇಳದ ಗುರುಗಳು 4 ತರಗತಿ, ತರಗತಿಗೆ 800ರಂತೆ 9,600. ಹತ್ತು ತಿಂಗಳಿಗೆ 96,000. ಹಾಲ್ ಬಾಡಿಗೆ ಮತ್ತು ಕರೆಂಟು ತಿಂಗಳಿಗೆ 2,600, ವರ್ಷಕ್ಕೆ 31,200. ಚೆಂಡೆ, ಮದ್ದಳೆ, ಗೆಜ್ಜೆಗಳ ರಿಪೇರಿ 15,000. ಆಡಿಟ್, ರಶೀದಿ ಪುಸ್ತಕ, ಅಂಚೆ, ಇತರ 12,000. ಒಟ್ಟು 1,54,200. ಅಂದರೆ 28,200 ಕಡಿಮೆ ಬೀಳುತ್ತದೆ. "ಪರವಾಗಿಲ್ಲ, ವಾರ್ಷಿಕೋತ್ಸವಕ್ಕೆ ನಾಲ್ಕು ಮನೆ ಜಾಸ್ತಿ ಹತ್ತಿದರೆ ಸಾಕು" ಅನಿಸುತ್ತದೆ. ಹೆಚ್ಚಿನ ಸಂಸ್ಥೆಗಳು ಪುಸ್ತಕ ಮುಚ್ಚುವುದು ಇಲ್ಲೇ.

ಆದರೆ ಬಾಗಿಲ ಹತ್ತಿರ ಫೋನ್ ಹಿಡಿದು ನಿಂತವರು ಈ ಲೆಕ್ಕದಲ್ಲಿ ಎಲ್ಲಿದ್ದಾರೆ? ಅವರ ಕೆಲಸಕ್ಕೆ ತಿಂಗಳಿಗೆ 9,000 ಇಟ್ಟರೆ ವರ್ಷಕ್ಕೆ 1,08,000. ಆಗ ಖರ್ಚು 2,62,200. ಕೊರತೆ 1,36,200. ಇದು ಹೊಸದಾಗಿ ಹುಟ್ಟಿದ ಕೊರತೆಯಲ್ಲ. ಇಷ್ಟು ವರ್ಷ ಒಂದು ಮನೆಯವರು ಅದನ್ನು ಸದ್ದಿಲ್ಲದೆ ಹೊತ್ತುಕೊಂಡಿದ್ದರು, ಅಷ್ಟೇ.

ಒಟ್ಟು ಖರ್ಚಾದ 2,62,200ನ್ನು 40ರಿಂದ ಭಾಗಿಸಿ. ಒಂದು ಮಗುವಿಗೆ ವರ್ಷಕ್ಕೆ 6,555 ರೂಪಾಯಿ ತಗಲುತ್ತದೆ. ಪೂರ್ತಿ ಫೀಸು ಕೊಡುವ ಮನೆಯವರೂ ಕೊಡುವುದು 4,000. ಈ ಎರಡು ಅಂಕಿ ನಿಮ್ಮ ಹತ್ತಿರ ಇದ್ದರೆ ದಾನಿಗಳ ಮುಂದೆ ಕೂರುವಾಗ ಮಾತೇ ಬೇರೆ. "ನಮ್ಮ ಕೇಂದ್ರಕ್ಕೆ ಏನಾದರೂ ಕೊಡಿ" ಎನ್ನುವ ಬದಲು "ಪೂರ್ತಿ ಫೀಸು ಬಂದರೂ ಒಂದು ಮಗುವಿಗೆ ವರ್ಷಕ್ಕೆ 2,555 ಕಡಿಮೆ ಬೀಳುತ್ತಿದೆ, ನೀವು ಎರಡು ಮಕ್ಕಳದ್ದು ವಹಿಸಿಕೊಳ್ಳಬಹುದಾ?" ಎಂದು ಕೇಳಬಹುದು.

ಮಕ್ಕಳ ಆಟಗಳಿಂದ ಬರುವ ಹಣವನ್ನು ಈ ಕೊರತೆಗೆ ನಂಬಬೇಡಿ. 15,000ಕ್ಕೆ ಒಂದು ಪ್ರದರ್ಶನ ಒಪ್ಪಿಕೊಂಡಿರಿ ಎನ್ನೋಣ. ವೇಷಭೂಷಣ 5,000, ಹಿಮ್ಮೇಳದ ನಾಲ್ವರಿಗೆ 4,000, ವಾಹನ 2,500, ಬಣ್ಣ ಮತ್ತು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಮಕ್ಕಳಿಗೆ ತಿಂಡಿ 1,500. ಉಳಿಯುವುದು 2,000. ಆಟ ಮಕ್ಕಳ ಕಲಿಕೆಗೆ ಬೇಕೇ ಬೇಕು. ಸಂಸ್ಥೆಯನ್ನು ಸಾಕುವ ಶಕ್ತಿ ಅದಕ್ಕಿಲ್ಲ.

ಸಂಚಾಲಕರ ಸಂಬಳ ಗೊತ್ತು ಮಾಡುವುದು

ಆ 9,000 ಎಲ್ಲಿಂದ ಬಂತು? ಬಾಯಿಗೆ ಬಂದ ಅಂಕಿ ಹೇಳಿದರೆ ಮೊದಲ ಸಭೆಯಲ್ಲೇ ಜಗಳ. ಹಾಗಾಗಿ ನಾವು ಒಂದು ನೋಟ್‌ಪುಸ್ತಕ ತಂದು ಸಂಚಾಲಕರ ಕೈಗೆ ಕೊಟ್ಟೆವು. ನಾಲ್ಕು ವಾರ ಮಾಡಿದ್ದೆಲ್ಲ ಬರೆಯಿರಿ ಎಂದೆವು. ಅವರಿಗೆ ನಾಚಿಕೆ. "ಇದನ್ನೆಲ್ಲ ಬರೀಲಿಕ್ಕೆ ಉಂಟಾ ಮಾರಾಯ್ರೇ" ಎಂದರು. ಆದರೂ ಬರೆದರು. ಒಂದು ಪುಟ ಹೀಗಿತ್ತು:

"ಶನಿ, 1.30ರಿಂದ 6. ಹಾಲ್ ಗುಡಿಸಿದ್ದು, ತರಗತಿ, ಇಬ್ಬರು ಮಕ್ಕಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟದ್ದು. ಭಾನು, 9ರಿಂದ 2.30. ಮಂಗಳ, ರಾತ್ರಿ ಒಂದು ಗಂಟೆ ಫೋನ್. ಗುರು, ಮೂರು ಗಂಟೆ, ಮುಚ್ಚಿಗೆ ಹಾಕಿಸಲು ಚೆಂಡೆ ಕೊಂಡುಹೋದದ್ದು. ಶುಕ್ರ, ಒಂದು ಗಂಟೆ, ಅರ್ಜಿ ಬರೆದದ್ದು."

ವಾರಕ್ಕೆ ಸುಮಾರು 15 ಗಂಟೆ, ತಿಂಗಳಿಗೆ 60. ಗಂಟೆಗೆ 150 ರೂಪಾಯಿಯಂತೆ 9,000. ಸಮಿತಿಯಲ್ಲಿ ಆ ಪುಟವನ್ನು ಓದಿದಾಗ ಒಬ್ಬ ಹಿರಿಯರು "ಮಾಷ್ಟ್ರೇ, ಗಂಟೆಗೆ 150 ಜಾಸ್ತಿ ಆಗಲಿಲ್ವಾ?" ಎಂದು ಕೇಳಿದರು. ತೋಟದ ಕೆಲಸಕ್ಕೆ ದಿನಕ್ಕೆ ನೀವು ಎಷ್ಟು ಕೊಡುತ್ತೀರಿ ಎಂದು ಇನ್ನೊಬ್ಬರು ಕೇಳಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಗಂಟೆಯ ಲೆಕ್ಕ ಸಿಕ್ಕಿದ ಮೇಲೆ ಇನ್ನೂ ಕೆಲವು ಕೆಲಸ ಇವೆ.

ಸಂಚಾಲಕರೇ ಗುರುಗಳೂ ಆಗಿದ್ದರೆ ಎರಡನ್ನೂ ಬೇರೆ ಬರೆಯಿರಿ. ಕಲಿಸಿದ ತರಗತಿಗೆ ಬೇರೆ ಗುರುಗಳಿಗೆ ಕೊಡುವಷ್ಟೇ ಕೊಡಿ. ನಡೆಸುವ ಕೆಲಸಕ್ಕೆ ಬೇರೆ ಮೊತ್ತ. ನಾಳೆ ಅವರ ಬದಲು ಇಬ್ಬರನ್ನು ಹುಡುಕಬೇಕಾಗಿ ಬಂದರೆ ಎಷ್ಟು ಬೇಕು ಎನ್ನುವುದು ಆಗ ಮಾತ್ರ ಗೊತ್ತಾಗುತ್ತದೆ.

ಪೆಟ್ರೋಲ್, ಫೋನ್, ಬಸ್ ಚಾರ್ಜು ಸಂಬಳವಲ್ಲ. ಅದಕ್ಕೆ ವೋಚರ್ ಇರಲಿ, ಬಿಲ್ ಇರಲಿ, ತಿಂಗಳ ಕೊನೆಗೆ ಕೊಟ್ಟು ಮುಗಿಸಿ. ಸಂಚಾಲಕರು ಕೈಯಿಂದ ಹಾಕಿದರೆ ಅದೇ ದಿನ ಬರೆಯಿರಿ: ಅದು ದಾನವಾ, ಸಾಲವಾ? ದಾನವಾದರೆ ಅವರ ಹೆಸರಿಗೂ ರಶೀದಿ. ಸಾಲವಾದರೆ ಯಾವಾಗ ವಾಪಸ್ ಎಂದು ಸಮಿತಿಯ ನಿರ್ಣಯ. "ಆಮೇಲೆ ನೋಡುವ" ಎಂದು ಬಿಟ್ಟ ಹಣ ಹತ್ತು ವರ್ಷದ ಮೇಲೆ ಮನಸ್ತಾಪವಾಗಿ ಬರುತ್ತದೆ.

ಸಂಬಳ ತೀರ್ಮಾನಿಸುವ ಸಭೆಯಲ್ಲಿ ಸಂಚಾಲಕರು ಹೊರಗೆ ಇರಬೇಕು. ಅವರ ಮನೆಯವರು, ಅಣ್ಣ, ಭಾವ ಯಾರಾದರೂ ಸಮಿತಿಯಲ್ಲಿದ್ದರೆ ಅವರೂ ಎದ್ದು ಹೋಗಬೇಕು. ನಮ್ಮ ಊರುಗಳಲ್ಲಿ ಸಮಿತಿ ಎಂದರೆ ಅರ್ಧ ನೆಂಟರೇ. ಹಾಗಾಗಿ ನೆಂಟಸ್ತಿಕೆ ಇಲ್ಲದ ಇಬ್ಬರನ್ನಾದರೂ ಸಮಿತಿಗೆ ಮೊದಲೇ ಸೇರಿಸಿಕೊಳ್ಳಿ. ಮಕ್ಕಳ ಪೋಷಕರಲ್ಲಿ ಒಬ್ಬರು, ನಿವೃತ್ತ ಬ್ಯಾಂಕಿನವರೊಬ್ಬರು ಇದ್ದರೆ ಒಳ್ಳೆಯದು. ನಿರ್ಣಯದಲ್ಲಿ ಯಾರು ಹೊರಗೆ ಹೋದರು, ಎಷ್ಟು ಗಂಟೆಯ ಕೆಲಸ, ಎಷ್ಟು ಮೊತ್ತ, ಯಾವ ತಿಂಗಳಿಂದ, ಇಷ್ಟನ್ನೂ ಬರೆಯಿರಿ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಆದಾಯ ತೆರಿಗೆ ವಿನಾಯಿತಿ ಇರುವ ಸಂಸ್ಥೆ ತನ್ನ ಸ್ಥಾಪಕರಿಗೆ, ಟ್ರಸ್ಟಿಗಳಿಗೆ ಅಥವಾ ಅವರ ಸಂಬಂಧಿಕರಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಡಬಹುದು. ಕೆಲಸಕ್ಕೆ ಮೀರಿ ಕೊಟ್ಟರೆ ವಿನಾಯಿತಿಗೇ ತೊಂದರೆ. ತಕ್ಕದ್ದು ಎಂದು ತೋರಿಸಲು ನಿಮ್ಮ ಹತ್ತಿರ ಇರುವುದು ಆ ನೋಟ್‌ಪುಸ್ತಕ ಮತ್ತು ಆ ನಿರ್ಣಯ.

ತಂದ ದೇಣಿಗೆಯಲ್ಲಿ ಇಷ್ಟು ಪಾಲು ಎಂದು ಸಂಬಳ ಕಟ್ಟಬೇಡಿ. ಕೊಟ್ಟವರು ಮಗುವಿಗೆಂದು ಕೊಟ್ಟಿರುತ್ತಾರೆ. ಅದರಲ್ಲಿ ಕಮಿಷನ್ ಹೋಗುತ್ತದೆ ಎಂದು ಗೊತ್ತಾದರೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಾಗದು.

ಪೂರ್ತಿ ಕೊಡಲು ಶಕ್ತಿ ಇಲ್ಲದಿದ್ದರೆ? ನಮಗೂ ಇರಲಿಲ್ಲ. ಮೊದಲ ವರ್ಷ 3,000ದಿಂದ ಶುರು ಮಾಡಿದೆವು. ಉಳಿದ 6,000ವನ್ನು ಸಂಚಾಲಕರು ಉಚಿತವಾಗಿ ಮಾಡಿದ ಸೇವೆ ಎಂದು ವಾರ್ಷಿಕ ವರದಿಯಲ್ಲಿ ಬರೆದೆವು. ಅದನ್ನು ಬಾಕಿ ಎಂದು ಮಾತ್ರ ಬರೆಯಬೇಡಿ. ಬಾಕಿ ಎಂದರೆ ಸಾಲ, ಸಾಲ ಬೆಳೆಯುತ್ತದೆ. ಉಚಿತ ಸೇವೆ ಎಂದು ಮೊತ್ತದ ಸಮೇತ ಬರೆದರೆ ಊರಿಗೆ ಅವರ ಕೆಲಸದ ಬೆಲೆ ಗೊತ್ತಾಗುತ್ತದೆ. ಮುಂದಿನ ವರ್ಷ ಆ 6,000ದಲ್ಲಿ ಎಷ್ಟನ್ನು ನಾವು ಹೊರಬಹುದು ಎಂದು ಕೇಳಲು ದಾರಿಯಾಗುತ್ತದೆ.

ತೆರಿಗೆಯ ವಿಷಯ, ಚುಟುಕಾಗಿ

ಗುರುಗಳಿಗೆ ವೃತ್ತಿ ಶುಲ್ಕವೆಂದು ಕೊಡುವುದಾದರೆ, ಒಬ್ಬರಿಗೆ ವರ್ಷಕ್ಕೆ 50,000 ದಾಟಿದಾಗ ಶೇಕಡಾ 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಮೇಲಿನ ಲೆಕ್ಕದಲ್ಲಿ ನಾಟ್ಯದ ಗುರುಗಳಿಗೆ 64,000 ಆಗುತ್ತದೆ, ಹಾಗಾಗಿ ಹಿಡಿಯಬೇಕು. ಹಿಮ್ಮೇಳದವರದ್ದು 32,000, ಬೇಡ. ಸಂಚಾಲಕರದ್ದು ಸಂಬಳವಾ, ವೃತ್ತಿ ಶುಲ್ಕವಾ ಎನ್ನುವುದನ್ನು ಆಡಿಟರ ಹತ್ತಿರ ಮೊದಲೇ ಕೇಳಿ ನಿರ್ಣಯದಲ್ಲಿ ಅದೇ ಪದ ಬಳಸಿ. "ಗೌರವಧನ" ಎಂದು ಬರೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ.

ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ಶೇಕಡಾ 85 ಸಂಸ್ಥೆಯ ಉದ್ದೇಶಕ್ಕೇ ಖರ್ಚಾಗಬೇಕು. ಸಂಚಾಲಕರ ಸಂಬಳವೂ ಆ ಉದ್ದೇಶದ ಖರ್ಚೇ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲರಿಗೂ ಬ್ಯಾಂಕಿನ ಮೂಲಕವೇ ಕೊಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ ಎಂದು ಗೊತ್ತು ಮಾಡಿದ್ದಾರೆ. ಕಲಂಗಳ ನಂಬರ್ ಅದರಲ್ಲಿ ಬೇರೆ. ಹಳೆಯ ಪತ್ರ ನೋಡಿ ಅರ್ಜಿ ತುಂಬಬೇಡಿ.

ದೇಣಿಗೆ, ಗಲ್ಫಿನ ಹಣ, ಅನುದಾನ

ನಂಬರ್ ಇರುವ ರಶೀದಿ ಇಲ್ಲದೆ ಹತ್ತು ರೂಪಾಯಿಯೂ ಬೇಡ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ (ಇದು ಹಳೆಯ ಕಾಯ್ದೆಯ ನಂಬರ್) ಇರುವ ಸಂಸ್ಥೆಗಾದರೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ (ನ್ಯೂ ರೆಜೀಮ್) ಆರಿಸಿಕೊಂಡವರಿಗೂ ಸಿಗುವುದಿಲ್ಲ. ಇದನ್ನು ದಾನಿಗಳಿಗೆ ಮೊದಲೇ ಹೇಳಿಬಿಡಿ. ಆಮೇಲೆ ಬೇಸರ ಬೇಡ.

ಗಲ್ಫಿನ ವಿಷಯ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಬೇಕಾದದ್ದು. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ನಮ್ಮ ಹುಡುಗ, ಭಾರತದ ಪಾಸ್‌ಪೋರ್ಟ್ ಇರುವವನು, ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ, ಸಾಕು. ಆದರೆ ಅಲ್ಲಿನ ಒಂದು ಸಂಘ ಹಣ ಒಟ್ಟು ಮಾಡಿ ಸಂಘದ ಹೆಸರಿನಲ್ಲಿ ಕಳಿಸಿದರೆ, ಅಥವಾ ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ, ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಅಂಥ ಹಣದಲ್ಲಿ ಆಡಳಿತ ಖರ್ಚಿಗೆ ಶೇಕಡಾ 20ರ ಮಿತಿಯೂ ಇದೆ. ನೋಂದಣಿ ಇಲ್ಲದ ಸಣ್ಣ ಸಂಸ್ಥೆ ಆ ಹಣವನ್ನು ಖಾತೆಗೆ ಬರಲು ಬಿಡಲೇಬಾರದು. ಪ್ರೀತಿಯಿಂದ ಕಳಿಸಿದ ಹಣವೇ ಕೇಸಾಗಬಹುದು.

ಗಡಿನಾಡಿನ ಕನ್ನಡ ಸಂಸ್ಥೆಗಳಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ನೆರವು ಸಿಗುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುಗಳಿಗೆ ತಿಂಗಳಿಗೆ 15,000 ಕೊಡುವ ವ್ಯವಸ್ಥೆ ಇದೆ. ಅದು ಸಿಗದಿದ್ದರೂ ಆ ಅಂಕಿ ನಿಮ್ಮ ಸಭೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಕಲೆ ಕಲಿಸುವ ಒಬ್ಬರಿಗೆ ಸರ್ಕಾರವೇ ಇಷ್ಟು ಬೆಲೆ ಕಟ್ಟಿದೆ ಎಂದು ತೋರಿಸಬಹುದು. ಅನುದಾನದ ಹಣವನ್ನು ಕೊಟ್ಟ ಕಾರಣಕ್ಕೇ ಖರ್ಚು ಮಾಡಿ, ವಿನಿಯೋಗ ಪತ್ರ ಕೊಡಿ. ಸಂಚಾಲಕರ ತಿಂಗಳ ಸಂಬಳವನ್ನು ಮಾತ್ರ ಅನುದಾನದ ಮೇಲೆ ಕಟ್ಟಬೇಡಿ. ಅನುದಾನ ಒಂದು ವರ್ಷ ಬರುತ್ತದೆ, ಇನ್ನೊಂದು ವರ್ಷ ಬಾರದೇ ಇರಬಹುದು. ಸಂಬಳ ಫೀಸಿನಿಂದ ಮತ್ತು ವರ್ಷ ವರ್ಷ ಕೊಡುವ ಊರಿನ ದಾನಿಗಳಿಂದ ಬರಬೇಕು.

ವರ್ಷದ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ

ನಮ್ಮಲ್ಲಿ ವರ್ಷ ಏಪ್ರಿಲ್‌ನಿಂದ ಮಾರ್ಚ್ ಅಂದುಕೊಂಡರೂ ಹಣ ನಡೆಯುವುದು ಬೇರೆ ಪಂಚಾಂಗದಲ್ಲಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ವರ್ಷದ ತಿರುಗಾಟ ಮುಗಿಸುತ್ತವೆ. ಮೇಳದಲ್ಲಿರುವ ಗುರುಗಳಿಗೆ ಆಮೇಲೆ ಬಿಡುವು. ಹಾಗಾಗಿ ಮಳೆಗಾಲದಲ್ಲಿ ತರಗತಿ ಜಾಸ್ತಿ, ಗುರುಗಳಿಗೆ ಕೊಡುವುದೂ ಜಾಸ್ತಿ. ಅದೇ ಜೂನ್‌ನಲ್ಲಿ ಪೋಷಕರ ಕೈ ಖಾಲಿ. ಪುಸ್ತಕ, ಯೂನಿಫಾರ್ಮ್, ಕೊಡೆ, ಎಲ್ಲ ಒಟ್ಟಿಗೆ. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆ ಇರುವುದರಿಂದ ಅದು ಹತ್ತಿರ ಬಂದಾಗ ಹೊಸ ಮಕ್ಕಳು ಬರುತ್ತಾರೆ, ಫೀಸೂ ಬರುತ್ತದೆ. ಸ್ಪರ್ಧೆ ಮುಗಿದ ಮೇಲೆ ಕೆಲವರು ನಿಲ್ಲುವುದಿಲ್ಲ. ಆ ತಿಂಗಳುಗಳ ಹಣ ನೋಡಿ ವರ್ಷದ ಖರ್ಚು ಒಪ್ಪಿಕೊಂಡರೆ ಮಾರ್ಚ್‌ನಲ್ಲಿ ಕಷ್ಟ.

ಒಂದು ಕಾಗದದಲ್ಲಿ 12 ತಿಂಗಳು ಬರೆದು, ಪ್ರತಿ ತಿಂಗಳ ಕೆಳಗೆ ಬರುವುದು ಮತ್ತು ಹೋಗುವುದನ್ನು ಬರೆಯಿರಿ. ಯಾವ ತಿಂಗಳು ತೀರಾ ಕಡಿಮೆ ಎಂದು ಕಣ್ಣಿಗೇ ಕಾಣುತ್ತದೆ. ಮೂರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಬೇರೆ ಇರಲಿ. ಮೇಲಿನ ಲೆಕ್ಕದಂತೆ ಅದು ಸುಮಾರು 65,000. ಒಂದೇ ವರ್ಷದಲ್ಲಿ ಆಗುವುದಿಲ್ಲ. ಪ್ರತಿ ಆಟದಲ್ಲಿ ಉಳಿದ ಆ 2,000ವನ್ನು ಅಲ್ಲಿಗೇ ಹಾಕುತ್ತಾ ಬನ್ನಿ. ನಮ್ಮ ಸಂಚಾಲಕರು ಮಲಗಿದಾಗ ಅಷ್ಟು ಹಣ ಇದ್ದಿದ್ದರೆ ಒಬ್ಬರನ್ನು ಮೂರು ತಿಂಗಳಿಗೆ ನೇಮಿಸಿ ತರಗತಿ ನಡೆಸಬಹುದಿತ್ತು.

ಊರಿನ ಮುಂದೆ ಇಡಿ

ಮಹಾಸಭೆಗೆ ಒಂದೇ ಪುಟದ ಜಮಾ-ಖರ್ಚು ಸಾಕು. ಕನ್ನಡದಲ್ಲಿ ಇರಲಿ, ಅಕ್ಷರ ದೊಡ್ಡದಿರಲಿ. ಖರ್ಚಿನ ಮೊದಲ ಸಾಲಿನಲ್ಲೇ "ಸಂಚಾಲಕರ ಸಂಬಳ" ಎಂದು ಬರೆಯಿರಿ. ಇತರ ಖರ್ಚಿನ ಒಳಗೆ ತೂರಿಸಬೇಡಿ. ಅಡಗಿಸಿದ ಅಂಕಿಯ ಬಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮಾತು ಹುಟ್ಟುತ್ತದೆ. ಬರೆದ ಅಂಕಿಯ ಬಗ್ಗೆ ಸಭೆಯಲ್ಲೇ ಪ್ರಶ್ನೆ ಬರುತ್ತದೆ, ಅಲ್ಲೇ ಉತ್ತರವೂ ಕೊಡಬಹುದು. ನಮ್ಮ ಸಭೆಯಲ್ಲಿ ಆ ಪುಟ ಹಂಚಿದ ವರ್ಷ, ಎರಡು ಮಕ್ಕಳ ತಾಯಿಯೊಬ್ಬರು ಎದ್ದು ನಿಂತು "ಒಂದು ಮಗುವಿಗೆ ಇಷ್ಟು ಖರ್ಚು ಉಂಟೂಂತ ನಮಗೆ ಯಾರೂ ಹೇಳಿರಲಿಲ್ಲ" ಎಂದರು. ಫೀಸು 450 ಮಾಡುವ ಮಾತು ಅವರಿಂದಲೇ ಬಂತು. ಉಚಿತವಾಗಿ ಕಲಿಯುವ ಐದು ಮಕ್ಕಳದ್ದು ಹಾಗೇ ಇರಲಿ ಎಂದೂ ಅವರೇ ಹೇಳಿದರು.

ಇದನ್ನೆಲ್ಲ ಶುರು ಮಾಡಲು ಒಳ್ಳೆಯ ಸಮಯ ವಿಷುವಿನ ಹೊತ್ತು. ಹಳೆಯ ವರ್ಷದ ಲೆಕ್ಕ ಮುಗಿದಿರುತ್ತದೆ, ಮಕ್ಕಳಿಗೆ ರಜೆ. ಏಪ್ರಿಲ್‌ನಲ್ಲಿ ನೋಟ್‌ಪುಸ್ತಕ ಕೊಡಿ. ಮೇ ಮಧ್ಯದಲ್ಲಿ ಸಮಿತಿ ಕೂರಲಿ. ಪತ್ತನಾಜೆ ಕಳೆದು ಗುರುಗಳು ಮೇಳದಿಂದ ಬರುವ ಹೊತ್ತಿಗೆ ನಿರ್ಣಯಕ್ಕೆ ಸಹಿ ಆಗಿರಲಿ. ಜೂನ್ ಕೊನೆಗೆ ಗುರುಗಳ ಖಾತೆಗೆ ಹಣ ಹೋಗುವ ದಿನವೇ ಸಂಚಾಲಕರ ಖಾತೆಗೂ ಹೋಗಲಿ.